ಕೊಟ್ಟ ಕವಿತೆಯ ಹೊಣೆ

೧

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬನಶಂಕರಿಗೆ ಹೊಂದಿಕೊಂಡು ಪದ್ಮನಾಭನಗರವೆಂಬ ಬಡಾವಣೆಯುಂಟು. ೨೦೨೦ನೆಯ ಇಸವಿ ಮೇ ತಿಂಗಳ ೩ನೆಯ ತಾರೀಖು ಆ ಬಡಾವಣೆಯ ತಮ್ಮ ಮನೆಯಲ್ಲಿ ಕವಿ ಕೆ. ಎಸ್. ನಿಸಾರ್ ಅಹಮದ್ ಅವರು ಕಾಲವಾದರು. ಆಗ ಅವರಿಗೆ ೮೪ ವರ್ಷ. ಸಾಂಕ್ರಾಮಿಕದ ಭಯದಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದ ಕಾಲವದು. ಜನರು ಗುಂಪುಗೂಡುವಂತಿರಲಿಲ್ಲ, ಸಭೆ ನೆರೆಯುವಂತಿರಲಿಲ್ಲ. ಆದರೂ ಆ ಸುದ್ದಿಯನ್ನು ಕೇಳಿದ ಕನ್ನಡಿಗರಲ್ಲಿ 'ನಿತ್ಯೋತ್ಸವ'ದ ಹಾಡನ್ನು ಮನಸ್ಸಿನಲ್ಲಿಯಾದರೂ ಒಮ್ಮೆ ಗುನುಗಿಕೊಳ್ಳದವರು ವಿರಳ. ಕವಿಯ ಮುಖವನ್ನು ಕಾಣದವರಿಗೂ, ಅವರ ಪುಸ್ತಕವೊಂದನ್ನೂ ಕೈಯಲ್ಲಿ ಹಿಡಿಯದವರಿಗೂ ಆ ಹಾಡು ಬಾಯಿಗೆ ಬರುತ್ತಿತ್ತು.

ಇಲ್ಲಿ ವಿಚಾರಶೀಲರಿಗೆ ಒಂದು ಪ್ರಶ್ನೆ ಏಳುವುದು ಸಹಜ. ಹೀಗೆ ಎಲ್ಲರ ಬಾಯಿಯಲ್ಲಿರುವ ಕವಿತೆಯು ಯಾರದು? ಬರೆದವನದೇ? ರಾಗ ಕಟ್ಟಿ ಹಾಡಿದವನದೇ? ಕೇಳಿ ಕಲಿತ ಜನರದೇ? ಕವಿಯು ತನ್ನ ಕವಿತೆಯನ್ನು ಲೋಕಕ್ಕೆ ಒಪ್ಪಿಸಿದ ಮೇಲೆ ಅದರ ವಿಷಯದಲ್ಲಿ ಅವನಿಗೆ ಉಳಿಯುವುದೇನು? ಮೇಲ್ನೋಟಕ್ಕೆ ಇದು ಹಕ್ಕುಬಾಧ್ಯತೆಗಳ ವ್ಯವಹಾರವೆಂದು ತೋರುವುದು. ಆದರೆ ಆಳಕ್ಕೆ ಇಳಿದು ನೋಡಿದರೆ ಇದೊಂದು ಧರ್ಮವಿಚಾರ. ಕವಿತೆಯನ್ನು ಹೇಗೆ ಬರೆಯಬೇಕು, ಯಾವಾಗ ಹೊರಗೆ ಬಿಡಬೇಕು, ಯಾರ ಮುಂದೆ ಓದಬೇಕು, ಓದಿದುದನ್ನು ಕೇಳಿದವನು ಹೇಗೆ ನಡೆದುಕೊಳ್ಳಬೇಕು ಎಂಬ ಎಲ್ಲ ಮಾತುಗಳೂ ಈ ಒಂದು ಪ್ರಶ್ನೆಯನ್ನೇ ಆಶ್ರಯಿಸಿವೆ.

ನಿಸಾರ್ ಅಹಮದರ ವೃತ್ತಾಂತವನ್ನು ಸ್ವಲ್ಪ ನೆನೆಯುವುದು ಒಳಿತು. ಅವರು ಹುಟ್ಟಿದ್ದು ೧೯೩೬ರಲ್ಲಿ, ದೇವನಹಳ್ಳಿಯಲ್ಲಿ. ವ್ಯಾಸಂಗ ಮಾಡಿದ್ದೂ ಕಾಲೇಜುಗಳಲ್ಲಿ ಪಾಠ ಹೇಳಿದ್ದೂ ಭೂವಿಜ್ಞಾನವನ್ನು. ೧೯೬೦ರಲ್ಲಿ ಅವರ ಮೊದಲ ಕವನಸಂಗ್ರಹ 'ಮನಸು ಗಾಂಧಿಬಜಾರು' ಹೊರಬಂದಿತು. ಬಸವನಗುಡಿಯ ಆ ಅಂಗಡಿಬೀದಿಗೂ ಅವರು ಕಡೆಯ ಕಾಲವನ್ನು ಕಳೆದ ಪದ್ಮನಾಭನಗರಕ್ಕೂ ನಡುವೆ ಇರುವುದು ಕೆಲವೇ ಮೈಲಿಗಳ ದೂರ. 'ನಿತ್ಯೋತ್ಸವ' ಎಂಬ ಸಂಗ್ರಹವು ಪ್ರಕಟವಾದುದು ೧೯೭೬ರಲ್ಲಿ. ೧೯೭೮ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದೊಡನೆ ಅದೇ ಹೆಸರಿನ ಧ್ವನಿಸುರುಳಿ ಬಂದಿತು. ಕನ್ನಡ ಭಾವಗೀತೆಗಳ ಧ್ವನಿಸುರುಳಿಗಳಲ್ಲಿ ಅದೇ ಮೊದಲನೆಯದೆಂದು ಪ್ರಸಿದ್ಧಿ. ಒಂದು ಕವನಸಂಗ್ರಹವನ್ನು ಸಾವಿರ ಪ್ರತಿ ಅಚ್ಚು ಹಾಕಿಸುವುದೇ ಕನ್ನಡದಲ್ಲಿ ಬಹುಕಾಲದ ವಾಡಿಕೆಯಾಗಿತ್ತು. ಆ ಸಾವಿರದ ಎಲ್ಲೆಯನ್ನು ಸುರುಳಿಯು ಮುರಿಯಿತು. ಅಕ್ಷರ ಬಾರದ ಮುದುಕಿಯೂ ಶಾಲೆಗೆ ಸೇರದ ಮಗುವೂ ಆಧುನಿಕ ಕವಿಯೊಬ್ಬನ ಪದ್ಯವನ್ನು ಬಾಯಿಪಾಠವಾಗಿ ಹೇಳುವಂತಾಯಿತು.

೨

ಕವಿತೆಯ ಒಡೆತನವನ್ನು ಕುರಿತು ಎರಡು ಪಕ್ಷಗಳು ಸಾಮಾನ್ಯವಾಗಿ ಕೇಳಿಬರುವುವು.

ಮೊದಲನೆಯ ಪಕ್ಷದವರು ಹೇಳುವುದು ಹೀಗೆ: ಕವಿತೆಯು ಕವಿಯ ಅಂತರಂಗದಿಂದ ಹುಟ್ಟಿದ್ದು. ಅದು ಎಂದೆಂದಿಗೂ ಅವನದೇ. ಅವನು ಬಯಸಿದಾಗ ಬರೆಯುವನು, ಬಯಸಿದಾಗ ಪ್ರಕಟಿಸುವನು, ಬೇಡವೆನಿಸಿದರೆ ಹರಿದೆಸೆಯುವನು. ಕೇಳುವವರು ಒಪ್ಪಿದರೆ ಸಂತೋಷ, ಒಪ್ಪದಿದ್ದರೆ ಅವರ ದೌರ್ಭಾಗ್ಯ. ಕವಿಯು ಯಾರಿಗೂ ಉತ್ತರ ಹೇಳಬೇಕಾದವನಲ್ಲ.

ಎರಡನೆಯ ಪಕ್ಷದವರು ಇದಕ್ಕೆ ನೇರವಾಗಿ ಇದಿರು ನಿಲ್ಲುವರು. ಬಿಲ್ಲಿನಿಂದ ಹೊರಟ ಬಾಣದ ಮೇಲೆ ಬಿಲ್ಲುಗಾರನಿಗೆ ಅಧಿಕಾರವಿಲ್ಲ. ಹಾಗೆಯೇ ಪ್ರಕಟವಾದ ಕವಿತೆಯ ಮೇಲೆ ಕವಿಗೆ ಅಧಿಕಾರವಿಲ್ಲ. ಅದು ಜನರ ಸೊತ್ತು. ಅವರು ಹಾಡಲಿ, ಮೊಟಕು ಮಾಡಲಿ, ತಮಗೆ ತೋಚಿದ ಅರ್ಥವನ್ನು ಹಚ್ಚಲಿ. ಕವಿಯು ಸುಮ್ಮನಿರತಕ್ಕದ್ದು ಎಂದು ಇವರ ವಾದ.

ಎರಡರಲ್ಲಿಯೂ ಸ್ವಲ್ಪ ಸತ್ಯವಿದೆ. ಆದರೆ ಎರಡೂ ಒಂದೇ ತಪ್ಪನ್ನು ಮಾಡುತ್ತವೆ. ಒಡೆತನ ಬೇರೆ, ಹೊಣೆ ಬೇರೆ ಎಂಬ ಭೇದವನ್ನು ಅವು ಕಾಣವು. ಒಡೆತನವಿದ್ದರೆ ಹೊಣೆ ಯಾರಿಗೂ ಇಲ್ಲವೆಂದು ಮೊದಲನೆಯವರು ಬಗೆದರು. ಒಡೆತನ ಹೋದರೆ ಹೊಣೆಯೂ ಹೋಯಿತೆಂದು ಎರಡನೆಯವರು ಬಗೆದರು.

ಧರ್ಮಶಾಸ್ತ್ರವು ದಾನವನ್ನು ವಿವರಿಸುವ ಕ್ರಮವು ಇಲ್ಲಿ ಸಹಾಯಕ್ಕೆ ಬರುವುದು. ದಾನಕ್ಕೆ ಎರಡು ಅಂಗಗಳು: ಕೊಡುವವನ ಒಡೆತನವು ನಿಲ್ಲಬೇಕು, ತೆಗೆದುಕೊಳ್ಳುವವನ ಒಡೆತನವು ಹುಟ್ಟಬೇಕು. ಗೋವನ್ನು ಕೊಟ್ಟವನ ಕೊಟ್ಟಿಗೆಯಲ್ಲಿ ಆ ಗೋವು ಇರದು. ಭೂಮಿಯನ್ನು ಕೊಟ್ಟವನು ಮರುವರ್ಷ ಅದರಲ್ಲಿ ಬಿತ್ತನು. ಆದರೆ ವಿದ್ಯಾದಾನದ ಮಾತು ಬೇರೆ. ಪಾಠ ಹೇಳಿದ ಗುರುವಿನ ವಿದ್ಯೆಯು ಶಿಷ್ಯನಿಗೆ ಹೋಗಿಯೂ ಗುರುವಿನಲ್ಲಿ ಹಾಗೆಯೇ ಉಳಿಯುವುದು. ಉಳಿಯುವುದಷ್ಟೇ ಅಲ್ಲದೆ, ಶಿಷ್ಯನು ತಪ್ಪು ಕಲಿತರೆ ಗುರುವಿನ ಹೆಸರು ಹೇಳಿ ಲೋಕವು ಕೇಳುವುದು. ಕವಿತೆಯನ್ನು ಕೊಡುವುದು ಈ ಜಾತಿಯ ದಾನ. ಒಡೆತನವು ಎಲ್ಲರಿಗೂ ಹಂಚಿಹೋಗುವುದು. ಹೊಣೆಯು ಮಾತ್ರ ಕೊಟ್ಟವನಲ್ಲಿ ನಿಲ್ಲುವುದು. ತೆಗೆದುಕೊಂಡವರಿಗೂ ಅದರಲ್ಲಿ ಒಂದು ಪಾಲು ಬರುವುದು.

ಇದು ಬರಿಯ ಪಾಠಶಾಲೆಯ ತರ್ಕವೆಂದು ಯಾರೂ ತಿಳಿಯಬೇಕಾದುದಿಲ್ಲ. ಭಾರತದ ಗ್ರಂಥಸ್ವಾಮ್ಯದ ಕಾನೂನು ೧೯೫೭ರಲ್ಲಿ ಆದುದು. ಅದರ ೫೭ನೆಯ ಪ್ರಕರಣವು ಇದೇ ಭೇದವನ್ನು ಅಂಗೀಕರಿಸಿದೆ. ಗ್ರಂಥಕಾರನು ತನ್ನ ಹಕ್ಕನ್ನು ಪೂರ್ತಿಯಾಗಿ ಬೇರೊಬ್ಬರಿಗೆ ಬರೆದುಕೊಟ್ಟ ಮೇಲೂ ಆ ಕೃತಿಯು ತನ್ನದೆಂದು ಹೇಳಿಕೊಳ್ಳುವ ಅಧಿಕಾರವೂ, ತನ್ನ ಮಾನಕ್ಕೆ ಕುಂದು ಬರುವಂತೆ ಅದನ್ನು ವಿಕಾರಗೊಳಿಸಿದರೆ ತಡೆಯುವ ಅಧಿಕಾರವೂ ಅವನಿಗೆ ಉಳಿಯುವುವು. ಹಣದ ಹಕ್ಕನ್ನು ಮಾರಬಹುದು, ತಂದೆತನವನ್ನು ಮಾರಲಾಗದು. ಕಾನೂನು ಇದನ್ನು ಅಧಿಕಾರವೆಂದು ಕರೆಯಿತು. ಧರ್ಮದೃಷ್ಟಿಯಿಂದ ನೋಡಿದರೆ ಇದು ಹೊಣೆಯ ಇನ್ನೊಂದು ಮುಖ. ತನ್ನದೆಂದು ಹೇಳಿಕೊಳ್ಳುವವನು ಅದರ ಗುಣದೋಷಗಳಿಗೂ ತಾನೇ ಎಂದು ಒಪ್ಪಿಕೊಂಡಂತಾಯಿತಲ್ಲವೇ?

ದ. ರಾ. ಬೇಂದ್ರೆಯವರ ಬಾಳಿನ ಒಂದು ಸಂಗತಿ ಇದಕ್ಕೆ ನಿದರ್ಶನ. 'ನರಬಲಿ' ಎಂಬ ಕವಿತೆಗಾಗಿ ಅಂದಿನ ಬ್ರಿಟಿಷ್ ಸರಕಾರವು ೧೯೩೨ರಲ್ಲಿ ಅವರನ್ನು ಹಿಂಡಲಗಿಯ ಸೆರೆಮನೆಗೆ ಕಳುಹಿಸಿತು. ಕವಿತೆಯನ್ನು ಓದಿದವರು ಹಲವರು, ಮೆಚ್ಚಿದವರು ಹಲವರು. ಉತ್ತರ ಹೇಳಬೇಕಾಗಿ ಬಂದವರು ಒಬ್ಬರೇ. ಸರಕಾರದ ನಡತೆಯು ಅನ್ಯಾಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಬರೆದ ಮಾತಿಗೆ ಬೆಲೆ ತೆರಬೇಕಾಗಿ ಬಂದಾಗ ಅದನ್ನು ತೆರುವವನೇ ಆ ಮಾತನ್ನು ಆಡಲು ಯೋಗ್ಯನೆಂಬುದೂ ಆ ಸಂಗತಿಯಿಂದ ವ್ಯಕ್ತವಾಗುವುದು.

೩

ಹೊಣೆ ಉಳಿಯುವುದೆಂದ ಮೇಲೆ ಕವಿಯ ಮೊದಲ ಕರ್ತವ್ಯವು ಕೊಡುವುದಕ್ಕೆ ಮುಂಚೆ ಇರುವ ಕಾಲಕ್ಕೆ ಸಂಬಂಧಿಸಿದ್ದು. ಕಠೋಪನಿಷತ್ತಿನ ಆರಂಭವನ್ನು ಬಲ್ಲವರಿಗೆ ವಾಜಶ್ರವಸನ ನೆನಪು ಬಾರದಿರದು. ಅವನು ಯಜ್ಞದಲ್ಲಿ ಗೋವುಗಳನ್ನು ದಾನಮಾಡಿದನು; ಆದರೆ ಅವು ಹಾಲು ಬತ್ತಿ, ಮೇವನ್ನೂ ನೀರನ್ನೂ ಮುಗಿಸಿಕೊಂಡಿದ್ದ ಮುದಿ ಗೋವುಗಳು. ಪಡೆದವನಿಗೆ ಅವು ಲಾಭಕ್ಕಿಂತ ಹೆಚ್ಚಾಗಿ ಭಾರ. ಅದನ್ನು ಕಂಡು ಅಳುಕಿದವನು ಅವನ ಮಗನಾದ ನಚಿಕೇತನು. ಬಲಿಯದ ಕವಿತೆಯನ್ನು ಅಚ್ಚಿಗೆ ಕೊಡುವುದೂ ಈ ಬಗೆಯ ದಾನವೇ. ಕೊಟ್ಟೆನೆಂಬ ಹೆಮ್ಮೆ ಕವಿಗೆ. ಹೊರುವ ಕಷ್ಟ ಓದುವವನಿಗೆ.

ಸುಮಾರು ಹತ್ತನೆಯ ಶತಮಾನದ ಆದಿಯಲ್ಲಿದ್ದ ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಕವಿಯ ದಿನಚರಿಯನ್ನೇ ಹೇಳಿದ್ದಾನೆ. ಅವನ ಸೂಚನೆಗಳಲ್ಲಿ ಎರಡು ಇಲ್ಲಿ ಉಪಯುಕ್ತ. ಅರ್ಧ ಮುಗಿದ ಕೃತಿಯನ್ನು ಯಾರ ಮುಂದೆಯೂ ಓದಬಾರದು. ಓದಿದರೆ ಅದು ಮುಗಿಯದೆ ಹೋಗುವುದೇ ಫಲವೆಂದು ಅವನ ಎಚ್ಚರಿಕೆ. ಕವಿತೆಯನ್ನು ಬರೆದು ನೋಡಿದವರಿಗೆ ಇದರ ಮರ್ಮವು ತಿಳಿಯುವುದು. ಅರ್ಧದಲ್ಲಿಯೇ ಹೊಗಳಿಕೆ ದೊರೆತರೆ ಉಳಿದರ್ಧವನ್ನು ಬರೆಯಿಸುವ ಒತ್ತಡವು ಇಳಿದುಹೋಗುವುದು. ತೆಗಳಿಕೆ ದೊರೆತರೆ ಧೈರ್ಯವೇ ಇಳಿಯುವುದು. ಎರಡನೆಯ ಸೂಚನೆಯೆಂದರೆ, ಹೊಸ ಕೃತಿಯನ್ನು ಒಬ್ಬನೇ ಒಬ್ಬನ ಮುಂದೆ ಓದಬಾರದೆಂಬುದು. ಆ ಒಬ್ಬನು ಅದು ತನ್ನದೆಂದು ಸಾಧಿಸಿದರೆ ಇವನಿಗೆ ಸಾಕ್ಷಿ ಯಾರು ಎಂದು ಅವನು ಕೇಳುವನು. ಸಾವಿರ ವರ್ಷಗಳ ಹಿಂದೆಯೂ ಕವಿಗಳಿಗೆ ಈ ಭಯವಿತ್ತೆಂಬುದು ಸ್ವಾರಸ್ಯವಾದ ಮಾತು.

ಹಾಗಾದರೆ ಓದಬೇಕಾದುದು ಯಾರ ಮುಂದೆ? ಅದೇ ಗ್ರಂಥದಲ್ಲಿ ಕಾವ್ಯವನ್ನು ಕೇಳುವವರ ನಾಲ್ಕು ಬಗೆಗಳು ಹೇಳಲ್ಪಟ್ಟಿವೆ. ಯಾವುದೂ ರುಚಿಸದವನು ಒಬ್ಬ. ಹುಲ್ಲನ್ನೂ ಸೇರಿಸಿ ಎಲ್ಲವನ್ನೂ ನುಂಗುವವನು ಇನ್ನೊಬ್ಬ. ಹೊಟ್ಟೆಕಿಚ್ಚಿನವನು ಮೂರನೆಯವನು. ತತ್ತ್ವವನ್ನು ಹಿಡಿದು ನೋಡುವವನು ನಾಲ್ಕನೆಯವನು, ಇವನು ಸಾವಿರಕ್ಕೊಬ್ಬ. ಮೊದಲ ಮೂವರೂ ಕವಿಯ ಬೆಳವಣಿಗೆಗೆ ಅಡ್ಡಿಯಾಗುವರು. ಅವರಲ್ಲಿಯೂ ಎಲ್ಲವನ್ನೂ ಹೊಗಳುವವನು ಹೊಟ್ಟೆಕಿಚ್ಚಿನವನಿಗಿಂತ ಅಪಾಯಕಾರಿ. ಹೊಟ್ಟೆಕಿಚ್ಚಿನವನ ಮಾತನ್ನು ಕವಿಯು ಸಹಜವಾಗಿ ತಳ್ಳಿಹಾಕುವನು. ಹೊಗಳುವವನ ಮಾತನ್ನು ಮನೆಗೆ ಕೊಂಡೊಯ್ಯುವನು.

ಕನ್ನಡದ ನವೋದಯದ ಕಾಲದಲ್ಲಿ ಇಂಥ ಸಹೃದಯರ ಕೂಟಗಳು ಅಲ್ಲಲ್ಲಿ ಬೆಳೆದುವು. ಧಾರವಾಡದಲ್ಲಿ ಬೇಂದ್ರೆಯವರ ಸುತ್ತಲೂ ೧೯೨೦ರ ದಶಕದಲ್ಲಿ ನೆರೆದ 'ಗೆಳೆಯರ ಗುಂಪು' ಅವುಗಳಲ್ಲಿ ಒಂದು. ಅಲ್ಲಿ ಕವಿತೆಯು ಕಾಗದಕ್ಕಿಂತ ಮೊದಲು ಕಿವಿಗೆ ಬೀಳುತ್ತಿತ್ತು. ಬೇಂದ್ರೆಯವರ 'ಗರಿ' ಸಂಗ್ರಹವು ಪುಸ್ತಕವಾದುದು ೧೯೩೨ರಲ್ಲಿ. ನಡುವಿನ ವರ್ಷಗಳು ವ್ಯರ್ಥವಾದುವೆಂದು ಯಾರೂ ಹೇಳಲಾರರು. ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ೧೯೨೬ರಲ್ಲಿ ಪುಸ್ತಕರೂಪವಾಗಿ ಬಂದಾಗ ಹೊಸ ಕವಿತೆಗೆ ಒಂದು ದಾರಿಯೇ ತೆರೆಯಿತು. ಇವರಾರೂ ಹೊಸತೆಂಬ ಒಂದೇ ಕಾರಣಕ್ಕೆ ಹೊಸತನ್ನು ಹೊರಗೆ ತಂದವರಲ್ಲ.

ಇಲ್ಲಿ ಆಧುನಿಕ ಕವಿತೆಗೆ ವಿಶೇಷವಾದ ಒಂದು ಮಾತನ್ನು ಹೇಳಬೇಕು. ಹಳೆಯ ಕಾವ್ಯಕ್ಕೆ ಛಂದಸ್ಸೇ ಕಾವಲುಗಾರನಾಗಿತ್ತು. ಷಟ್ಪದಿಯಲ್ಲಿ ಒಂದು ಮಾತ್ರೆ ತಪ್ಪಿದರೆ ಓದುವವನ ನಾಲಗೆ ಎಡವುವುದು. ಎರಡನೆಯ ಅಕ್ಷರದ ಪ್ರಾಸವು ಕೆಟ್ಟರೆ ಕಿವಿಯು ದೂರುವುದು. ಲಿಪಿಕಾರನು ಒಂದು ಪದವನ್ನು ಬದಲಾಯಿಸಿದರೆ ಪದ್ಯವೇ ಅವನನ್ನು ಹಿಡಿದುಕೊಡುತ್ತಿತ್ತು. ನವ್ಯರ ಮುಕ್ತಛಂದಸ್ಸಿಗೆ ಈ ಬೇಲಿಯಿಲ್ಲ. ಅಲ್ಲಿ ಒಂದು ಪದವನ್ನು ತೆಗೆದು ಇನ್ನೊಂದನ್ನಿಟ್ಟರೆ ಸಾಲು ನಿಂತಂತೆಯೇ ನಿಲ್ಲುವುದು. ಸತ್ತುಹೋದುದು ಅರ್ಥವೆಂದು ಎಲ್ಲರಿಗೂ ತಿಳಿಯದು. ಆದುದರಿಂದ ಮುಕ್ತವಾಗಿ ಬರೆಯುವುದು ಸುಲಭವೆಂಬ ಭಾವನೆ ತಪ್ಪು. ಹೊರಗಿನ ಕಾವಲು ಇಲ್ಲದಿರುವಲ್ಲಿ ಒಳಗಿನ ಕಾವಲು ಎರಡರಷ್ಟು ಬೇಕು. ಈ ಪದವೇ ಏಕೆ, ಇಲ್ಲಿಯೇ ಏಕೆ ಎಂಬ ಪ್ರಶ್ನೆಗೆ ಕವಿಯ ಬಳಿ ಉತ್ತರವಿರಬೇಕು. ಒಮ್ಮೆ ಬರೆದುದನ್ನು ಅಳಿಸಲಿಲ್ಲವೆಂದು ಕುಮಾರವ್ಯಾಸನು ಹೆಮ್ಮೆಯಿಂದ ಹೇಳಿಕೊಂಡನು. ಅದು ಅವನಿಗೆ ಸಲ್ಲುವ ಮಾತು. ಉಳಿದವರಿಗೆ ಅಳಿಸುವುದೇ ಗತಿ.

ಹಾಗೆಂದು ಕಾಯುವುದಕ್ಕೂ ಒಂದು ಮಿತಿಯುಂಟು. ಲೋಕವು ಏನೆನ್ನುವುದೋ ಎಂಬ ಅಂಜಿಕೆಯಿಂದ ಕವಿತೆಯನ್ನು ಪೆಟ್ಟಿಗೆಯಲ್ಲಿಟ್ಟವನು ಹೊಣೆಯನ್ನು ನಿರ್ವಹಿಸಿದವನಲ್ಲ, ಹೊಣೆಯಿಂದ ತಪ್ಪಿಸಿಕೊಂಡವನು. ರಾಜಶೇಖರನೇ ಇದಕ್ಕೂ ಸಮಾಧಾನ ಹೇಳಿದ್ದಾನೆ. ಲೋಕಕ್ಕೆ ಒಪ್ಪಿಗೆಯಾದುದು ಯಾವುದು, ತನಗೆ ಒಪ್ಪಿಗೆಯಾದುದು ಯಾವುದು ಎಂಬುದನ್ನು ಕವಿಯು ಅರಿತಿರಬೇಕು. ಜನರು ಹಳಿದ ಮಾತ್ರಕ್ಕೆ ತನ್ನ ವಿಷಯದಲ್ಲಿ ತಾನೇ ಅಸಹ್ಯ ಪಡಬಾರದು. ಲೋಕಕ್ಕೆ ಅಂಕುಶವಿಲ್ಲವಾದುದರಿಂದ ತನ್ನನ್ನು ತಾನೇ ತಿಳಿದುಕೊಳ್ಳಬೇಕು ಎಂಬುದು ಅವನ ಅಭಿಪ್ರಾಯ.

೪

ಇನ್ನು ತೆಗೆದುಕೊಳ್ಳುವವರ ಪಾಲು. ಇದನ್ನು ಕುರಿತು ಮಾತನಾಡುವವರು ಕಡಮೆ. ಆದರೆ ಪೂರ್ವಕಾಲದಲ್ಲಿ ಕನ್ನಡನಾಡಿನಲ್ಲಿ ಈ ಪಾಲನ್ನು ಮಹತ್ತರವಾಗಿ ನಿರ್ವಹಿಸಿದವಳೊಬ್ಬಳಿದ್ದಳು. ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓಲೆಗರಿಯ ಮೇಲೆ ಕಂಟದಿಂದ ಒಂದೊಂದು ಅಕ್ಷರವನ್ನೂ ಕೊರೆದು, ಮಸಿ ತುಂಬಿ, ಒಂದು ಕಾವ್ಯದ ಸಾವಿರ ಪ್ರತಿಗಳನ್ನು ಸಿದ್ಧಮಾಡಿಸುವುದೆಂದರೆ ಎಷ್ಟು ಕೈಗಳು, ಎಷ್ಟು ದಿನಗಳು ಬೇಕಾಗಿರಬಹುದೆಂಬುದನ್ನು ಓದುಗರೇ ಊಹಿಸಬಹುದು. ಠೇವಣಿ ಇಡುವುದು, ಮಾರುವುದು, ಕೊಟ್ಟುಬಿಡುವುದು, ದೇಶ ಬಿಡುವುದು, ಬೆಂಕಿ, ನೀರು ಮುಂತಾದುವು ಗ್ರಂಥನಾಶಕ್ಕೆ ಕಾರಣವೆಂದೂ, ಆದುದರಿಂದ ಹಲವು ಪ್ರತಿಗಳನ್ನು ಮಾಡಿಸಬೇಕೆಂದೂ ರಾಜಶೇಖರನು ಹೇಳಿದನು. ಆ ಮಾತನ್ನು ಕಾರ್ಯದಲ್ಲಿ ತೋರಿಸಿದವಳು ಅತ್ತಿಮಬ್ಬೆ. ಅವಳು ಕಾವ್ಯವನ್ನು ಬರೆಯಲಿಲ್ಲ. ಆದರೆ ಕಾವ್ಯದ ಹೊಣೆಯನ್ನು ಹೊತ್ತಳು.

ಇದಕ್ಕೆ ವಿರುದ್ಧವಾದ ದೃಷ್ಟಾಂತವು ಮುದ್ದಣನ ಬಾಳು. ನಂದಳಿಕೆಯ ಲಕ್ಷ್ಮೀನಾರಣಪ್ಪನು ೧೮೭೦ರಲ್ಲಿ ಹುಟ್ಟಿ ೧೯೦೧ರಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಉಡುಪಿಯಲ್ಲಿ ಅಂಗಸಾಧನೆಯ ಉಪಾಧ್ಯಾಯನಾಗಿದ್ದ ಅವನು 'ಅದ್ಭುತ ರಾಮಾಯಣ', 'ಶ್ರೀರಾಮಪಟ್ಟಾಭಿಷೇಕ', 'ಶ್ರೀರಾಮಾಶ್ವಮೇಧ'ಗಳನ್ನು ಬರೆದನು. ಬರೆದು, ತನ್ನವೆಂದು ಹೇಳಿಕೊಳ್ಳದೆ, ಯಾರೋ ಹಳೆಯ ಕವಿಯ ಗ್ರಂಥಗಳೆಂಬಂತೆ ಮೈಸೂರಿನ ಕಾವ್ಯಪತ್ರಿಕೆಗೆ ಕಳುಹಿಸಿದನು. ಅವು ಹಾಗೆಯೇ ಅಚ್ಚಾದುವು. ಪಂಡಿತರು ಮೆಚ್ಚಿದರು. ಕವಿಯು ಯಾರೆಂಬುದು ಲೋಕಕ್ಕೆ ಸ್ಪಷ್ಟವಾಗಿ ತಿಳಿಯುವ ವೇಳೆಗೆ ಅವನಿರಲಿಲ್ಲ.

ಮುದ್ದಣನು ಹೀಗೆ ಮಾಡಿದ್ದು ವಿನಯದಿಂದಲೇ ಎಂದು ಕೆಲವರು ಹೇಳುವರು. ಇರಬಹುದು. ಆದರೆ ಸಮಕಾಲೀನನ ಕವಿತೆಯೆಂದರೆ ಪುಸ್ತಕವನ್ನು ಮುಚ್ಚುವ, ಹಳಬನದೆಂದರೆ ಕೈಮುಗಿಯುವ ಲೋಕದ ಸ್ವಭಾವವೂ ಅದರಲ್ಲಿ ಸೇರಿತ್ತೆಂಬುದನ್ನು ಅಲ್ಲಗಳೆಯಲಾಗದು. ಹೊಸ ಕವಿಯ ನಾಟಕವನ್ನೇಕೆ ಆಡಬೇಕೆಂಬ ಆಕ್ಷೇಪಣೆಗೆ ಕಾಳಿದಾಸನೂ ತನ್ನ 'ಮಾಲವಿಕಾಗ್ನಿಮಿತ್ರ'ದ ಪ್ರಸ್ತಾವನೆಯಲ್ಲಿ ಉತ್ತರ ಹೇಳಬೇಕಾಯಿತು. ಕಾಳಿದಾಸನಿಗೆ ಉತ್ತರ ಹೇಳುವ ಧೈರ್ಯವಿತ್ತು, ಆಡಿಸುವ ರಂಗವಿತ್ತು. ಬಡ ಉಪಾಧ್ಯಾಯನಿಗೆ ಎರಡೂ ಇರಲಿಲ್ಲ. ಮೂವತ್ತೊಂದನೆಯ ವಯಸ್ಸಿನಲ್ಲಿ ಸತ್ತ ಕವಿಗೆ ಸಲ್ಲಬೇಕಾಗಿದ್ದ ಒಂದು ಒಳ್ಳೆಯ ಮಾತು ಸಕಾಲದಲ್ಲಿ ಸಲ್ಲಲಿಲ್ಲ. ಇದು ಕವಿಯ ತಪ್ಪಲ್ಲ, ಓದುಗರ ಋಣ. ಬದುಕಿರುವ ಕವಿಯ ಕವಿತೆಯನ್ನು ಅವನು ಬದುಕಿರುವಾಗಲೇ ಓದುವುದು ವಿದ್ಯಾವಂತ ಗೃಹಸ್ಥರ ಮೊದಲ ಕರ್ತವ್ಯ.

ಎರಡನೆಯ ಕರ್ತವ್ಯವು ಹಾಡುವವರದು. ಕನ್ನಡ ಕಾವ್ಯವು ಮೊದಲಿನಿಂದಲೂ ಕಿವಿಯ ಕಾವ್ಯ. ಗಮಕಿಗಳು ಭಾರತ ವಾಚನ ಮಾಡಿದರೆ ಊರಿಗೆ ಊರೇ ಕುಳಿತು ಕೇಳುತ್ತಿತ್ತು. ಮುದ್ರಣವು ಬಂದ ಮೇಲೆ ಕವಿತೆಯು ಕಣ್ಣಿಗೆ ಸೇರಿತು. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿಯವರು, ಸಿ. ಅಶ್ವತ್ಥ್ ಅವರು ಅದನ್ನು ಮತ್ತೆ ಕಿವಿಗೆ ತಂದರು. ಆದರೆ ರಾಗವು ಕವಿತೆಗೆ ಒಂದೇ ಅರ್ಥವನ್ನು ಆರಿಸಿಕೊಡುವುದು. ಕಾಗದದ ಮೇಲಿದ್ದಾಗ ಅದಕ್ಕೆ ನಾಲ್ಕು ಅರ್ಥಗಳಿರಬಹುದು. ಹಾಡಿನ ಹೊತ್ತಿಗೆ ಹೊಂದಲೆಂದು ಕೆಲವು ಪದ್ಯಗಳು ಬಿಟ್ಟುಹೋಗುವುದೂ ಉಂಟು. ಕುವೆಂಪು ಅವರ ಕವಿತೆಯು ೨೦೦೪ರ ಜನವರಿಯಲ್ಲಿ ಕರ್ನಾಟಕದ ನಾಡಗೀತೆಯಾಯಿತು. ಅದನ್ನು ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆಯು ಹಲವು ವರ್ಷ ನಡೆಯಿತು. ಕಡೆಗೆ ೨೦೨೨ರ ಸೆಪ್ಟೆಂಬರಿನಲ್ಲಿ ಸರಕಾರವು ಅನಂತಸ್ವಾಮಿಯವರ ಧಾಟಿಯನ್ನೂ ೨ ನಿಮಿಷ ೩೦ ಸೆಕೆಂಡುಗಳ ಅವಧಿಯನ್ನೂ ಗೊತ್ತುಮಾಡಿತು. ಬೇರೆ ಧಾಟಿಯನ್ನು ಬಯಸಿದವರು ಉಚ್ಚ ನ್ಯಾಯಾಲಯದವರೆಗೂ ಹೋದರು. ಕವಿಯು ೧೯೯೪ರಲ್ಲಿಯೇ ಗತಿಸಿದ್ದರು, ಕೇಳೋಣವೆಂದರೆ ಅವರಿಲ್ಲ. ಇಂಥ ಪ್ರಸಂಗಗಳಲ್ಲಿ ಹಾಡುವವರೂ ಹಾಡಿಸುವವರೂ ಕವಿಯ ಸ್ಥಾನದಲ್ಲಿ ನಿಂತು ಹೊಣೆಯರಿತು ನಡೆಯಬೇಕಾಗುವುದು. ಕವಿಯ ಮಾತನ್ನು ಬದಲಾಯಿಸದಿರುವುದು, ಬಿಟ್ಟದ್ದನ್ನು ಬಿಟ್ಟಿದೆಯೆಂದು ಹೇಳುವುದು, ಹಾಡುವುದಕ್ಕೆ ಮುಂಚೆ ಹೆಸರನ್ನು ಉಚ್ಚರಿಸುವುದು ಎಂಬ ಮೂರು ನಿಯಮಗಳನ್ನಾದರೂ ಪಾಲಿಸಿದರೆ ಸಾಕು.

೫

ಮೂರನೆಯ ಕರ್ತವ್ಯವು ಕೇಳುವವರದು. ಇಲ್ಲಿ ಪದ್ಮನಾಭನಗರದ ಕವಿಯ ವಿಷಯಕ್ಕೆ ಮತ್ತೆ ಬರಬೇಕು. ೨೦೦೬ರಲ್ಲಿ ಶಿವಮೊಗ್ಗದಲ್ಲಿ ನಡೆದ ೭೩ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ೨೦೦೮ರಲ್ಲಿ ಪದ್ಮಶ್ರೀ ಬಂದಿತು. ಜನರು ಪ್ರೀತಿಯಿಂದ ಅವರನ್ನು 'ನಿತ್ಯೋತ್ಸವದ ಕವಿ' ಎಂದು ಕರೆದರು. ಈ ಬಿರುದಿನಲ್ಲಿ ಪ್ರೀತಿಯೂ ಇದೆ, ಒಂದು ಅನ್ಯಾಯವೂ ಇದೆ. ಏಕೆಂದರೆ ಅದೇ ಕವಿಯು 'ಕುರಿಗಳು ಸಾರ್ ಕುರಿಗಳು' ಎಂದು ಗುಂಪಿನ ಹಿಂದೆ ಹೋಗುವವರನ್ನು ಹಾಸ್ಯಮಾಡಿದವರು. 'ನಿಮ್ಮೊಡನಿದ್ದೂ ನಿಮ್ಮಂತಾಗದೆ' ಎಂಬ ಹೆಸರಿನ ಕವಿತೆಯನ್ನು ಬರೆದವರು. ಆ ಹೆಸರೇ ಅದರ ನೋವನ್ನು ಹೇಳುವುದು. ನಾಡನ್ನು ಕೊಂಡಾಡುವ ಹಾಡನ್ನು ಕೊಟ್ಟವನು, ಆ ನಾಡಿನ ನಡುವೆಯೇ ಇದ್ದು ಬೇರೆಯವನಾಗಿ ಉಳಿಯುವವನ ಸಂಕಟವನ್ನೂ ಕೊಟ್ಟನು. ಜನರು ಒಂದು ಕೈಯಿಂದ ಕೊಟ್ಟುದನ್ನು ತೆಗೆದುಕೊಂಡರು. ಇನ್ನೊಂದು ಕೈಯಿಂದ ಕೊಟ್ಟುದನ್ನು ನೋಡದೆ ಹೋದರು.

ಇದು ಒಬ್ಬರಿಗಷ್ಟೇ ಆದುದಲ್ಲ. ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ೧೯೪೨ರಲ್ಲಿ ಬಂದು ಮನೆಮನೆಯ ಪುಸ್ತಕವಾಯಿತು. ಐವತ್ತು ವರ್ಷಗಳ ಮೇಲೆ, ೧೯೯೨ರಲ್ಲಿ, ಅದೇ ಹೆಸರಿನ ಚಲನಚಿತ್ರದಲ್ಲಿ ಆ ಹಾಡುಗಳು ಮತ್ತೆ ಕೇಳಿಬಂದುವು. ಆದರೆ ೧೯೭೭ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಅವರ 'ತೆರೆದ ಬಾಗಿಲು' ಎಷ್ಟು ಮನೆಗಳಲ್ಲಿ ಉಂಟು? ಮಲ್ಲಿಗೆಯನ್ನು ಮುಡಿದವರು ಬಾಗಿಲೊಳಗೆ ಹೋಗಿ ನೋಡುವ ಶ್ರಮವನ್ನು ತೆಗೆದುಕೊಳ್ಳಲಿಲ್ಲ.

ಇದಕ್ಕೆ ಒಂದು ಆಕ್ಷೇಪವನ್ನು ತರಬಹುದು. ಸಾಮಾನ್ಯ ಗೃಹಸ್ಥನು ಹಗಲೆಲ್ಲ ದುಡಿದು ಬಂದು ಒಂದು ಹಾಡನ್ನು ಕೇಳಿ ಸಂತೋಷ ಪಟ್ಟರೆ ತಪ್ಪೇನು? ಎಲ್ಲರೂ ಪಂಡಿತರಾಗಬೇಕೇ? ತಪ್ಪಿಲ್ಲ. ಹಾಡನ್ನು ಕೇಳಿ ಹಿಗ್ಗುವುದೂ ಕಾವ್ಯದ ಪ್ರಯೋಜನವೇ. ಓದಿದೊಡನೆ ಉಂಟಾಗುವ ಆನಂದವನ್ನು ಮಮ್ಮಟನು ಪ್ರಯೋಜನಗಳಲ್ಲಿ ಎಣಿಸಿದ್ದಾನೆ. ಆದರೆ ಆನಂದವು ಬಾಗಿಲಾಗಬಹುದು, ಗೋಡೆಯೂ ಆಗಬಹುದು. ಹಾಡಿನಿಂದ ಪುಸ್ತಕಕ್ಕೆ ಹೋದವನಿಗೆ ಅದು ಬಾಗಿಲು. ಹಾಡೇ ಸಾಕೆಂದು ನಿಂತವನಿಗೆ ಅದು ಗೋಡೆ. ಗೋಡೆಯ ಆಚೆ ಕವಿಯು ಹೇಳಬೇಕೆಂದಿದ್ದ ಕಷ್ಟದ ಮಾತುಗಳು ಕೇಳುವವರಿಲ್ಲದೆ ಉಳಿಯುವುವು.

ಇಂದಿನ ಕಾಲದಲ್ಲಿ ಈ ವಿಚಾರವು ಇನ್ನೂ ಹೆಚ್ಚು ಆವಶ್ಯಕವಾಗಿದೆ. ಧ್ವನಿಸುರುಳಿಯ ಕಾಲವು ಮುಗಿಯಿತು. ಈಗ ಅಂಗೈಯಗಲದ ಮೊಬೈಲಿನಲ್ಲಿ ಕವಿತೆಯನ್ನು ಬರೆದು, ಬರೆದ ಕ್ಷಣದಲ್ಲಿಯೇ ಸಾವಿರ ಜನಕ್ಕೆ ಕಳುಹಿಸಬಹುದು. ಅತ್ತಿಮಬ್ಬೆಯ ಸಾವಿರ ಪ್ರತಿಗಳ ಕೆಲಸವು ಒಂದು ಬೆರಳಿನ ಕೆಲಸವಾಗಿದೆ. ಇದು ಸಂತೋಷದ ಸಂಗತಿ. ಊರಿಂದ ದೂರವಿರುವ ಹೊಸ ಕವಿಗೆ ಇಂದು ಮುದ್ದಣನ ಹಾಗೆ ಮರೆಯಲ್ಲಿ ನಿಲ್ಲುವ ದುರ್ಗತಿಯಿಲ್ಲ. ಆದರೆ ಬರೆಯುವುದಕ್ಕೂ ಕೊಡುವುದಕ್ಕೂ ನಡುವೆ ಇದ್ದ ಕಾಲವೇ ಇಲ್ಲವಾಯಿತು. ಅರ್ಧ ಮುಗಿದುದೂ ಹೊರಗೆ ಹೋಗುವುದು. ಮೆಚ್ಚುಗೆಯ ಗುರುತುಗಳು ಎಣಿಕೆಯಾಗಿ ಬರುವುವು. ಅವುಗಳಲ್ಲಿ ತತ್ತ್ವವನ್ನು ಹಿಡಿದು ನೋಡಿದವನದು ಯಾವುದು, ಹುಲ್ಲನ್ನೂ ನುಂಗಿದವನದು ಯಾವುದು ಎಂದು ಬೇರ್ಪಡಿಸುವಂತಿಲ್ಲ. ಕೈಯಿಂದ ಕೈಗೆ ಹೋಗುತ್ತ ಕವಿಯ ಹೆಸರು ಉದುರುವುದು. ಕೆಲವು ವೇಳೆ ಬೇರೊಬ್ಬರ ಹೆಸರು ಅಂಟುವುದು. ಒಬ್ಬನೇ ಕೇಳಿದರೆ ಸಾಕ್ಷಿಯಿಲ್ಲವೆಂದು ರಾಜಶೇಖರನು ಅಂಜಿದನು. ಈಗ ಸಾವಿರ ಜನ ಓದಿದರೂ ಸಾಕ್ಷಿ ಹೇಳುವವನೊಬ್ಬನಿಲ್ಲ.

ಕಾನೂನು ಇಲ್ಲಿ ಸ್ವಲ್ಪ ದೂರ ಬರಬಲ್ಲುದು. ಗ್ರಂಥಕಾರನು ಗತಿಸಿದ ಮೇಲೆ ೬೦ ವರ್ಷಗಳವರೆಗೆ ಅವನ ಕೃತಿಗೆ ರಕ್ಷಣೆಯುಂಟು. ನಿಸಾರ್ ಅಹಮದರ ಕವಿತೆಗಳಿಗೆ ಆ ಲೆಕ್ಕದಲ್ಲಿ ೨೦೮೦ನೆಯ ಇಸವಿಯ ಕೊನೆಯವರೆಗೆ. ಆದರೆ ಮನೆಯೊಳಗಿನ ನಡತೆಗೆ ಕಾನೂನು ಕಾವಲು ಕೂರಲಾರದು. ಹೆಸರನ್ನು ಬಿಟ್ಟು ಕವಿತೆಯನ್ನು ಕಳುಹಿಸಿದವನನ್ನು ಯಾವ ನ್ಯಾಯಾಲಯವೂ ಹುಡುಕಿಕೊಂಡು ಬಾರದು. ಅಲ್ಲಿ ಉಳಿಯುವುದು ಧರ್ಮವೊಂದೇ.

ಆ ಧರ್ಮವು ಕಠಿನವಾದುದಲ್ಲ. ಕವಿಯಾದವನು ಬರೆದುದನ್ನು ಕೆಲವು ದಿನ ತನ್ನಲ್ಲಿಟ್ಟುಕೊಂಡು, ಗಟ್ಟಿಯಾಗಿ ಓದಿ, ನಾಲ್ಕು ಜನ ನಿಷ್ಠುರರಾದ ಗೆಳೆಯರಿಗೆ ಕೇಳಿಸಿ, ತನ್ನ ಹೆಸರಿನ ಕೆಳಗೆ ಮುಂದೆಯೂ ನಿಲ್ಲಬಹುದೆಂದು ತೋರಿದುದನ್ನು ಧೈರ್ಯವಾಗಿ ಕೊಡಲಿ. ಅಚ್ಚು ಹಾಕುವವರು ಅಕ್ಷರದೋಷವಿಲ್ಲದೆ ಅಚ್ಚು ಹಾಕಲಿ. ಹಾಡುವವರು ಹೆಸರು ಹೇಳಿ ಹಾಡಲಿ. ಪ್ರತಿವರ್ಷವೂ ನವೆಂಬರ್ ಮೊದಲನೆಯ ತಾರೀಖು ಮನೆಯ ಮಗುವು ಶಾಲೆಯಲ್ಲಿ ಕಲಿತ 'ನಿತ್ಯೋತ್ಸವ'ದ ಹಾಡನ್ನು ಹೇಳಿ ಮುಗಿಸ್ತಿದ್ದಂತೆಯೇ ಹಿರಿಯರು ಚಪ್ಪಾಳೆ ತಟ್ಟಿ ಏಳುವುದು ರೂಢಿ. ಆ ದಿನ ಇನ್ನು ಐದು ನಿಮಿಷ ಕುಳಿತು, ಇದನ್ನು ಬರೆದವರು ಯಾರು, ಎಲ್ಲಿದ್ದರು, ಮತ್ತೇನು ಬರೆದರು ಎಂದು ಹೇಳಿ, ಆ ಕವಿಯ ಪುಸ್ತಕವನ್ನು ತೆರೆದು, ಹಾಡಲಾಗದ ಕವಿತೆಯೊಂದನ್ನು ಮಗುವಿನಿಂದ ಓದಿಸಲಿ. ಕವಿಯು ಕೊಟ್ಟುದನ್ನು ಮನೆಯವರು ಪೂರ್ತಿಯಾಗಿ ತೆಗೆದುಕೊಂಡಂತಾಗುವುದು ಆಗಲೇ.